ಓರೆಯಾದ ಮುಖ ಮತ್ತು ಮೊದಲ ಮೂರು ದಿನ



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಧಾರಣೆ, ಸಾಲದ ಕಂತು ಇವುಗಳ ವಿಚಾರವೇ ಬರುವುದು. ನಾನೂ ಹಿಂದೆ ಒಂದೆರಡು ಸಲ ಹಾಗೆಯೇ ಬರೆದವನು. ಈ ಸಲ ಗಿಡದ ರೋಗ ಬಿಟ್ಟು ಮನುಷ್ಯನ ರೋಗವೊಂದರ ಬಗ್ಗೆ ಬರೆಯಲೇ ಎಂದು ಸಂಪಾದಕರನ್ನು ಕೇಳಿದೆ. "ನಿಮ್ಮದೇ ಮುಖದ ವಿಷಯ, ಬರೆಯಿರಿ" ಎಂದರು. ನನ್ನ ಮುಖದ ವಿಷಯ ಇಷ್ಟು ದಿನ ಮಾತನಾಡದೆ ಇದ್ದದ್ದೇ ತಪ್ಪಾಯಿತು ಎಂದು ನನಗೀಗ ಅನಿಸುತ್ತಿರುವುದರಿಂದ ಬರೆಯುತ್ತಿದ್ದೇನೆ.

2013ರ ಡಿಸೆಂಬರ್ ತಿಂಗಳು. ಅಡಿಕೆ ಕೊಯ್ಲು ನಡೆದಿತ್ತು. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಅತ್ತ ಕಣದಲ್ಲಿ ಕಾಫಿ ಹರವಿತ್ತು. ಹಿಂದಿನ ದಿನ ಬಲಗಿವಿಯ ಹಿಂದೆ ಏನೋ ಒಂದು ನೋವು. ರಾತ್ರಿ ಸುಲಿತದ ಜಾಗದಲ್ಲಿ ಚಳಿಗೆ ಕೂತದ್ದಕ್ಕೆ ಇರಬೇಕೆಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯ ಮೂಲೆಯಿಂದ ಹೊರಗೆ ಚೆಲ್ಲಿ ಬನಿಯನ್ನಿನ ಮೇಲೆ ಬಿತ್ತು. ಕಾಫಿ ಕುಡಿದರೆ ಅದೂ ಹಾಗೆಯೇ ಸೋರಿತು. ನಾಲಿಗೆಗೆ ರುಚಿಯೂ ಸರಿಯಾಗಿ ಹತ್ತಲಿಲ್ಲ. ಮನೆಯವಳು ನೋಡಿ, "ಎಂಥಕ್ಕೆ ಹಾಗೆ ಒಂದೇ ಬದಿಗೆ ನಗಾಡ್ತೀರಿ?" ಎಂದಳು. ನಾನು ನಗುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತಾಗ ಅರ್ಧ ಮುಖ ನನ್ನದು, ಅರ್ಧ ಮುಖ ಯಾರದೋ. ಬಲಗಣ್ಣು ಮುಚ್ಚು ಎಂದರೆ ಮುಚ್ಚದು. ಹುಬ್ಬು ಏಳದು. ತುಟಿ ಎಡಕ್ಕೆ ಎಳೆದುಕೊಂಡಿತ್ತು.

ಸುದ್ದಿ ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಮನೆಗೆ ಮುಟ್ಟಿತು. ಬಂದವರಲ್ಲಿ ಒಬ್ಬರು ಗಾಳಿ ಹೊಡೆದದ್ದು ಎಂದರು, ಇನ್ನೊಬ್ಬರು ಲಕ್ವ ಎಂದರು, ಮತ್ತೊಬ್ಬರು ಬಾಯಿಂದ ಏನೂ ಹೇಳದೆ ತೋಟದಾಚೆಯ ಬನದ ಕಡೆ ನೋಡಿದರು. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು, ಒಬ್ಬರು ಕೊಟ್ಟ ಎಲೆಯ ರಸ ಕುಡಿದದ್ದಾಯಿತು, ಕೊರಳಿಗೆ ತಾಯಿತ ಬಂತು. ಆಸ್ಪತ್ರೆಗೆ ಹೋಗಬೇಕೆಂದು ಮಗಳು ಫೋನಿನಲ್ಲಿ ದಿನವೂ ಹೇಳುತ್ತಿದ್ದಳು. ನನಗೆ ಕೊಯ್ದ ಅಡಿಕೆ ಕೆಡುತ್ತದೆ ಎಂಬ ಚಿಂತೆ. ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕವನನ್ನು ಬಿಟ್ಟು ಪೇಟೆಗೆ ಹೋಗಿ ಕೂತರೆ ಹೇಗೆ? ಹೀಗೆ ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ವೈದ್ಯರ ಮುಂದೆ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ "ಯಾವತ್ತು ಶುರುವಾದದ್ದು?" ಎಂದು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಈ ರೋಗಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯರು ಮುಖದ ನರದ ಕೆಲಸವನ್ನು 1821ರಲ್ಲಿ ವಿವರಿಸಿದ್ದರಿಂದ ಅವರ ಹೆಸರು ಅಂಟಿಕೊಂಡಿತು. ಮುಖ ಓರೆಯಾಗುವುದು ನಮ್ಮವರಿಗೂ ಹೊಸದಲ್ಲ. ಚರಕಸಂಹಿತೆಯಲ್ಲಿ ಅರ್ದಿತ ಎಂದು ಅದರ ಪ್ರಸ್ತಾಪವಿದೆ. ನಮ್ಮ ಮುಖದ ಒಂದೊಂದು ಬದಿಗೆ ಒಂದೊಂದು ನರ. ಅದು ಮಿದುಳಿನಿಂದ ಹೊರಟು ಕಿವಿಯ ಹತ್ತಿರದ ಮೂಳೆಯೊಳಗಿನ ಇಕ್ಕಟ್ಟಾದ ಕೊಳವೆಯಲ್ಲಿ ಹಾದು ಬರುತ್ತದೆ. ನರ ಊದಿಕೊಂಡರೆ ಮೂಳೆ ಜಾಗ ಬಿಡುವುದಿಲ್ಲ, ನರ ಅಲ್ಲಿಯೇ ಅಪ್ಪಚ್ಚಿಯಾಗುತ್ತದೆ. ಊತ ಏಕೆ ಬರುತ್ತದೆಂಬುದು ಪೂರ್ತಿ ತೀರ್ಮಾನವಾಗಿಲ್ಲ. ತುಟಿಯ ಮೇಲೆ ಜ್ವರದ ಗುಳ್ಳೆ ಏಳಿಸುವ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಎದ್ದೇಳುವುದು ಕಾರಣವಿರಬಹುದೆಂದು ಬಲವಾದ ಅನುಮಾನವಿದೆ. ಬನದ ದೈವಕ್ಕೆ ಇದರಲ್ಲಿ ಪಾಲಿಲ್ಲ. ಗಾಳಿಗೂ ಇದೆಯೆಂದು ಯಾರೂ ತೋರಿಸಿಕೊಟ್ಟಿಲ್ಲ. ಆದರೂ ನಾನು ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಳ್ಳುವುದನ್ನು ಬಿಟ್ಟಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ಮುಖ್ಯ ವಿಷಯ. ಊತ ಇಳಿಸಲು ಪ್ರೆಡ್ನಿಸೊಲೋನ್ ಎಂಬ ಮಾತ್ರೆಯಿದೆ. ಅದನ್ನು ರೋಗ ಕಾಣಿಸಿದ ಮೂರು ದಿನ, ಅಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಸ್ಕಾಟ್ಲೆಂಡಿನಲ್ಲಿಯೇ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಆ ಅವಧಿಯೊಳಗೆ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 83 ಜನ ಮೂರು ತಿಂಗಳಲ್ಲಿ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ 64 ಜನ. ಒಂಬತ್ತು ತಿಂಗಳಿಗೆ 94 ಮತ್ತು 82. ಕೊಳೆಗೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ ಹೊಡೆಯಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿ ಉದುರಲು ಶುರುವಾದ ಮೇಲೆ ಮೈಲುತುತ್ತ ಕದಡಿ ಪ್ರಯೋಜನವೆಷ್ಟು? ನಾನು ವೈದ್ಯರ ಬಳಿ ಹೋದದ್ದು ಕಾಯಿ ಉದುರಿದ ಮೇಲೆ.

ಇಲ್ಲಿ ಓದುಗರು ಒಂದು ಮಾತು ಕೇಳಬಹುದು, ಕೇಳಬೇಕು. "ನಮ್ಮ ಚಿಕ್ಕಪ್ಪನಿಗೆ ಹೀಗೆಯೇ ಆಗಿತ್ತು, ಒಂದು ಬೇರು ಅರೆದು ಹಚ್ಚಿದ್ದಕ್ಕೆ ಹದಿನೈದು ದಿನದಲ್ಲಿ ಸರಿಯಾಯಿತಲ್ಲ?" ಆಗಿರಬಹುದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಯಾವ ಔಷಧಿಯನ್ನೂ ಕೊಡದೆ 1,701 ರೋಗಿಗಳನ್ನು ಬಹಳ ವರ್ಷ ಗಮನಿಸಿ 2002ರಲ್ಲಿ ವರದಿ ಮಾಡಿದ್ದಾರೆ. ನೂರಕ್ಕೆ 71 ಜನರಿಗೆ ಮುಖ ತಾನಾಗಿಯೇ ಮೊದಲಿನಂತಾಯಿತು. ಅಂದರೆ ಹತ್ತರಲ್ಲಿ ಏಳು ಜನ ಏನು ಮಾಡಿದರೂ, ಏನು ಮಾಡದಿದ್ದರೂ ಗುಣವಾಗುವವರೇ. ಅವರಿಗೆ ಬೇರು ಅರೆದುಕೊಟ್ಟವನಿಗೂ ಹೆಸರು, ತಾಯಿತ ಕಟ್ಟಿದವನಿಗೂ ಹೆಸರು. ಉಳಿದ ಮೂವರು ಎಲ್ಲಿ ಹೋದರು? ಅವರು ಮದುವೆಮನೆಗೆ ಬರುವುದಿಲ್ಲ, ಫೋಟೋಕ್ಕೆ ನಿಲ್ಲುವುದಿಲ್ಲ, ಮನೆಯೊಳಗೆ ಇರುತ್ತಾರೆ. ಆದ್ದರಿಂದ ಆ ಔಷಧಿ ಕೈಕೊಟ್ಟ ಕಥೆ ನಮ್ಮ ಕಿವಿಗೆ ಬೀಳುವುದಿಲ್ಲ. ನಾನು ಆ ಮೂವರಲ್ಲಿ ಒಬ್ಬ.

ನನ್ನ ಮುಖದ ಬಲಭಾಗ ಅಲುಗಾಡಲು ನಾಲ್ಕನೆಯ ತಿಂಗಳು ಬೇಕಾಯಿತು. ಅಷ್ಟರಲ್ಲಿ ಪೇಟೆಯ ಒಂದು ಕಡೆ ಇಪ್ಪತ್ತು ದಿನ ಕೆನ್ನೆಗೆ ಕರೆಂಟು ಕೊಡಿಸಿಕೊಂಡೆ, ಖರ್ಚೂ ಆಯಿತು. ಅದರಿಂದ ಲಾಭವೆಂದು ಹೇಳಲು ಗಟ್ಟಿ ಆಧಾರವಿಲ್ಲವೆಂದು ಆಮೇಲೆ ತಿಳಿಯಿತು. ಈಗಲೂ ಊಟಕ್ಕೆ ಕೂತು ಅಗಿಯಲು ಶುರುಮಾಡಿದರೆ ಬಲಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತದೆ. ಕೆಲವರಿಗೆ ಅನ್ನ ಬಾಯಿಗಿಟ್ಟರೆ ಕಣ್ಣೀರು ಸುರಿಯುತ್ತದಂತೆ. ಹಾಳಾದ ನರ ಮತ್ತೆ ಬೆಳೆಯುವಾಗ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿಕೊಳ್ಳುವುದರಿಂದ ಹೀಗಾಗುವುದು. ತೋಟದ ಪೈಪುಗಳನ್ನು ಅದಲುಬದಲು ಜೋಡಿಸಿದ ಹಾಗೆ. ಮೇಲಿನ ತುಂಡಿನ ವಾಲ್ವ್ ತಿರುಗಿಸಿದರೆ ಕೆಳಗಿನ ತುಂಡಿಗೆ ನೀರು ಹೋಗುತ್ತದೆ. ಒಮ್ಮೆ ಹಾಗೆ ಜೋಡಣೆಯಾದರೆ ಬಿಚ್ಚಿ ಸರಿಮಾಡುವುದು ಸುಲಭವಲ್ಲ. ದೊಡ್ಡ ಊರುಗಳಲ್ಲಿ ಬೊಟಾಕ್ಸ್ ಚುಚ್ಚಿ ಎಳೆತವನ್ನು ಸಡಿಲಿಸುತ್ತಾರೆ, ಆದರೆ ಅದರ ಪ್ರಭಾವ ಕೆಲವೇ ತಿಂಗಳು. ನಾನು ಅದಕ್ಕೆ ಹೋಗಲಿಲ್ಲ. ನಿಧಾನವಾಗಿ, ಬಲವಂತವಿಲ್ಲದೆ ಕನ್ನಡಿಯ ಮುಂದೆ ಮಾಡುವ ವ್ಯಾಯಾಮದಿಂದ ಸ್ವಲ್ಪ ಹತೋಟಿ ಬಂದಿದೆ.

ಈಗ ಹೇಳಲು ಕಷ್ಟವಾದ ಭಾಗ.

2017ರ ಕೊಯ್ಲಿನಲ್ಲಿ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರ ಒಂದು ಬೆಳಿಗ್ಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದ. "ಗೌಡ್ರೇ, ನಿಮಗೆ ಆಗಿತ್ತಲ್ಲ, ಅದೇ ಗಾಳಿ ನನಗೂ ಹೊಡೆದದೆ" ಎಂದ. ಟವೆಲ್ ತೆಗೆದಾಗ ನೋಡಿದೆ. ಎಡಗಡೆ ಪೂರ್ತಿ ಜೋತಿತ್ತು. ಮೂರು ದಿನದ ಲೆಕ್ಕ ನನಗೆ ಗೊತ್ತಿತ್ತು. ಇಡೀ ಸೀಮೆಯಲ್ಲಿ ನನಗಿಂತ ಚೆನ್ನಾಗಿ ಅದನ್ನು ತಿಳಿದವರು ಇರಲಿಕ್ಕಿಲ್ಲ. ಆದರೂ ಇನ್ನೂ ಮುಕ್ಕಾಲು ಎಕರೆಯ ಕೊನೆ ಮರದಲ್ಲಿಯೇ ಇತ್ತು, ಕಾಯಿ ಹಣ್ಣಾಗಲು ಹತ್ತಿತ್ತು. "ಶನಿವಾರದ ತನಕ ಹೇಗಾದರೂ ಮುಗಿಸಿಕೊಡು ಮಾರಾಯ, ಆಮೇಲೆ ನಾನೇ ಕರಕೊಂಡು ಹೋಗ್ತೇನೆ" ಎಂದೆ. ಅದು ಸೋಮವಾರ. ಅವನಿಗೂ ದಿನದ ಸಂಬಳ ಬೇಕಿತ್ತು, ಒಪ್ಪಿದ. ಮುಚ್ಚದ ಕಣ್ಣಿಟ್ಟುಕೊಂಡು ಐದು ದಿನ ಮರ ಹತ್ತಿದ. ಶನಿವಾರ ಸಂಜೆ ಕಣ್ಣು ಕೆಂಪಗೆ ಕೆಂಡವಾಗಿತ್ತು, ಮರದ ಮೇಲಿನ ಧೂಳೆಲ್ಲ ಅದರಲ್ಲಿಯೇ ಬಿದ್ದಿತ್ತು. ಸೋಮವಾರ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವನ ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿತ್ತು. ಹುಣ್ಣು ಮಾಯಿತು, ಬಿಳಿ ಕಲೆ ಉಳಿಯಿತು. ಅವನೀಗ ಮರ ಹತ್ತುವುದಿಲ್ಲ. ಒಂದು ಕಣ್ಣಿನ ಅಂದಾಜಿನಲ್ಲಿ ಮರದಿಂದ ಮರಕ್ಕೆ ದಾಟಲಾಗುವುದಿಲ್ಲ ಎಂದು ಬಿಟ್ಟ. ನನ್ನನ್ನು ಎಂದೂ ಬೈದವನಲ್ಲ, ದಾರಿಯಲ್ಲಿ ಸಿಕ್ಕರೆ ಮಾತನಾಡಿಸುತ್ತಾನೆ. ಮೊದಲೇ ಕರೆದುಕೊಂಡು ಹೋಗಿದ್ದರೂ ಹೀಗೆಯೇ ಆಗುತ್ತಿತ್ತೋ ಏನೋ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಮುಖದ ಮಟ್ಟಿಗೆ ಅದು ನಿಜವಿರಬಹುದು. ಕಣ್ಣಿನ ಮಟ್ಟಿಗೆ ಸುಳ್ಳು. ಕಣ್ಣು ಉಳಿಯುತ್ತಿತ್ತು.

ಆದ್ದರಿಂದ ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗುತ್ತದೆ, ಬಿದ್ದ ಕಸ ಹೊರಗೆ ಹೋಗುವುದಿಲ್ಲ. ಹಗಲು ಆಗಾಗ ಕೃತಕ ಕಣ್ಣೀರಿನ ಹನಿ ಹಾಕಿಕೊಳ್ಳಬೇಕು. ರಾತ್ರಿ ಕಣ್ಣಿನ ಮುಲಾಮು ಹಚ್ಚಿ, ರೆಪ್ಪೆ ಮುಚ್ಚಿಸಿ, ಚರ್ಮಕ್ಕೆ ಅಂಟಿಸುವ ಕಾಗದದ ಪಟ್ಟಿ ಹಾಕಿ ಮಲಗಬೇಕು. ಪಟ್ಟಿ ಕಣ್ಣುಗುಡ್ಡೆಗೆ ತಾಗದಂತೆ ಹೇಗೆ ಅಂಟಿಸುವುದೆಂದು ನರ್ಸ್ ಒಮ್ಮೆ ತೋರಿಸಿದರೆ ಮನೆಯವರಿಗೆ ಬರುತ್ತದೆ. ಹೊರಗೆ ಹೋಗುವಾಗ ಕನ್ನಡಕ. ಅಡಿಕೆ ಸಿಪ್ಪೆಯ ರಾಶಿ, ಒಣಗಿದ ಕಾಫಿ ಒಟ್ಟುವ ಕಣ, ಒಲೆಯ ಹೊಗೆ ಇವುಗಳ ಹತ್ತಿರ ಸುಳಿಯಕೂಡದು. ಬೋರ್ಡೋ ದ್ರಾವಣ ಹೊಡೆಯುವ ಜಾಗಕ್ಕಂತೂ ಹೋಗಲೇಬಾರದು. ಸುಣ್ಣ, ಮೈಲುತುತ್ತದ ಹನಿ ಮುಚ್ಚದ ಕಣ್ಣಿಗೆ ಬಿದ್ದರೆ ಏನಾದೀತೆಂದು ಬರೆಯಬೇಕಾಗಿಲ್ಲ. ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಒಮ್ಮೆ ಬಂದದ್ದು ಮತ್ತೆ ಬರುತ್ತದೆಯೇ? ಹೆಚ್ಚಿನವರಿಗೆ ಬರುವುದಿಲ್ಲ. ನೂರಕ್ಕೆ ಏಳೆಂಟು ಜನರಿಗೆ ಬರುತ್ತದೆಂಬುದು ಸ್ಥೂಲ ಲೆಕ್ಕ. ಅದೇ ಬದಿಗೂ ಬರಬಹುದು, ಆಚೆ ಬದಿಗೂ ಬರಬಹುದು. ನನಗೆ 2023ರ ಆಗಸ್ಟಿನಲ್ಲಿ, ಕೊಳೆಗೆ ಎರಡನೆಯ ಔಷಧಿ ಹೊಡೆಸುತ್ತಿದ್ದಾಗ ಎಡಗಡೆ ಬಂತು. ಗುರುತಿಸಲು ಈ ಸಲ ಯಾರೂ ಬೇಕಾಗಲಿಲ್ಲ. ಸಂಜೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆ, ಕೆಂಪು ರಸ ತುಟಿಯ ಎಡಮೂಲೆಯಿಂದ ಅಂಗಿಗೆ ಇಳಿಯಿತು. ನಾಯಿಗೆ ಸಿಳ್ಳೆ ಹಾಕಿ ನೋಡಿದೆ, ಬರೀ ಗಾಳಿ ಹೋಯಿತು. ಆ ರಾತ್ರಿ ನಾನು ಪಟ್ಟ ಭಯ ಮೊದಲ ಸಲದ್ದಕ್ಕಿಂತ ಹೆಚ್ಚು. ಮೊದಲ ಸಲ ಏನೆಂದು ತಿಳಿಯದ ಭಯ, ಈ ಸಲ ಎಲ್ಲ ತಿಳಿದ ಭಯ. ಬಲಗಡೆ ಮೊದಲೇ ಅರೆಬರೆ, ಎಡಗಡೆಯೂ ಹಾಗಾದರೆ ಮುಖವೆಂದು ಏನು ಉಳಿಯಿತು? ಹೆಂಡತಿ, "ಕೂತು ಯೋಚನೆ ಮಾಡಿದ್ದು ಸಾಕು, ಬೆಳಿಗ್ಗೆ ಆರಕ್ಕೆ ಜೀಪು ಬರ್ತದೆ" ಎಂದಳು. ಅವಳೇ ಫೋನ್ ಮಾಡಿ ಹೇಳಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾತ್ರೆ ಹೊಟ್ಟೆಯೊಳಗಿತ್ತು. ಹತ್ತು ದಿನದ ಮಾತ್ರೆಗೆ ಒಂದು ಕಿಲೋ ಅಡಿಕೆಯ ಬೆಲೆಯೂ ಆಗಲಿಲ್ಲ. ಆದರೆ ಎರಡನೆಯ ಸಲ ಬಂದದ್ದನ್ನು ಹಳೆಯ ಚೀಟಿಯಿಂದ ನಿಭಾಯಿಸಬಾರದು ಎಂಬುದನ್ನು ನಾನು ಕಲಿತದ್ದು ಅಲ್ಲಿ. ವೈದ್ಯರು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದರು. ಕಿವಿಯೊಳಗೆ ನೀರುಗುಳ್ಳೆ ಇದೆಯೇ ಎಂದು ನೋಡಿದರು. ಇದ್ದರೆ ಅದು ಬೇರೆ ರೋಗ, ಔಷಧಿಯೂ ಬೇರೆ ಸೇರುತ್ತದೆ. ಕಿವಿಯ ಕೆಳಗೆ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡಿದರು. ಒಂದೇ ಬದಿಗೆ ಮತ್ತೆ ಮತ್ತೆ ಬಂದರೆ, ಒಂದೆರಡು ದಿನದಲ್ಲಿ ಬರದೆ ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತ ಹೋದರೆ, ಇಲ್ಲವೇ ಮೂರ್ನಾಲ್ಕು ತಿಂಗಳಾದರೂ ಏನೂ ಚಲನೆ ಬರದಿದ್ದರೆ ಸ್ಕ್ಯಾನ್ ಮಾಡಿಸಿ ಒಳಗೆ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕೆಂದರು. ರಕ್ತ ಪರೀಕ್ಷೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಇರುವುದು ಹೊರಬಿತ್ತು. ಎಷ್ಟು ವರ್ಷದಿಂದ ಇತ್ತೋ! ಸಕ್ಕರೆ ಕಾಯಿಲೆಯವರಲ್ಲಿ ಈ ರೋಗ ಹೆಚ್ಚು. ಜೊತೆಗೆ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುತ್ತದೆ. ಹಾಗಾಗಿ ಹತ್ತು ದಿನವೂ ಸಕ್ಕರೆ ನೋಡಿಕೊಳ್ಳುತ್ತ ಮಾತ್ರೆ ನುಂಗಬೇಕಾಯಿತು. ಈ ಲೇಖನ ತೋರಿಸಿ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು ತಿನ್ನುವವರು ಯಾರಾದರೂ ಇದ್ದರೆ ದಯವಿಟ್ಟು ಬೇಡ.

ಎಡಗಡೆ ಮೂರನೆಯ ವಾರ ಅಲುಗಾಡಿತು, ಎರಡು ತಿಂಗಳಿಗೆ ಮೊದಲಿನಂತಾಯಿತು. ಬೇಗ ಹೋದದ್ದರಿಂದಲೇ ಹೀಗಾಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಹತ್ತರಲ್ಲಿ ಏಳರ ಲೆಕ್ಕ ನನಗೂ ಅನ್ವಯಿಸುತ್ತದೆ. ಬೇರು ಅರೆಯುವವನ ತರ್ಕವನ್ನೇ ನಾನೂ ಮಾಡಿದರೆ ಮೇಲೆ ಬರೆದದ್ದೆಲ್ಲ ವ್ಯರ್ಥ. ನಾನು ನಂಬುವುದು ನನ್ನ ಎರಡು ಕೆನ್ನೆಗಳನ್ನಲ್ಲ, ಐನೂರು ಜನರ ಲೆಕ್ಕವನ್ನು. ಆದರೂ ಕನ್ನಡಿಯಲ್ಲಿ ಎರಡು ಬದಿಯನ್ನೂ ನೋಡುವಾಗ ಮನಸ್ಸು ಏನು ಹೇಳುತ್ತದೆಂದು ಬೇರೆ ಹೇಳಬೇಕೇ.

ಇನ್ನೊಂದು ಎಚ್ಚರಿಕೆ. ಮಿದುಳಿನ ರಕ್ತನಾಳದ ತೊಂದರೆಯಿಂದ ಬರುವ ಪಾರ್ಶ್ವವಾಯುವಿನಲ್ಲಿಯೂ ಬಾಯಿ ಓರೆಯಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಣೆ ನೆರಿಗೆಗಟ್ಟುತ್ತದೆ, ಹುಬ್ಬು ಏಳುತ್ತದೆ. ಕೈಕಾಲು ಸೋಲುವುದು, ಮಾತು ತೊದಲುವುದು ಜೊತೆಗಿರುತ್ತದೆ. ಅದಕ್ಕೆ ಮೂರು ದಿನದ ಅವಕಾಶವೂ ಇಲ್ಲ, ರಕ್ತದ ಹೆಪ್ಪು ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಇದು ಯಾವುದು, ಅದು ಯಾವುದು ಎಂದು ಮನೆಯ ಜಗಲಿಯಲ್ಲಿ ಕೂತು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಬಾಯಿ ಓರೆಯಾಯಿತೋ, ಗಾಡಿ ಹೊರಡಬೇಕು.

ಮುಖ ಮುಚ್ಚಿಕೊಳ್ಳುವ ಸಂಗತಿಯನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಬಂದಾಗ ಎರಡು ವರ್ಷ ನಾನು ಸಂಘದ ಮಹಾಸಭೆಗೆ ಬರಲಿಲ್ಲ. ಬಂದರೂ ಹಿಂದಿನ ಬೆಂಚಿನಲ್ಲಿ ಕಂಬದ ಮರೆಗೆ ಕೂರುತ್ತಿದ್ದೆ. ಎದ್ದು ಮಾತನಾಡಿದರೆ 'ಪ', 'ಬ' ಸರಿಯಾಗಿ ಹೊರಡದು, ಯಾರಾದರೂ ನಕ್ಕರೆ ಎಂಬ ಅಳುಕು. ಕೆನಡಾ ದೇಶದ ಜಾನ್ ಕ್ರೆಟಿಯೆನ್ ಅವರ ಬಗ್ಗೆ ಮಗಳು ಆಗ ಹೇಳಿದಳು. ಚಿಕ್ಕಂದಿನಲ್ಲಿ ಬಂದ ಇದೇ ರೋಗದಿಂದ ಅವರ ಮುಖದ ಒಂದು ಬದಿ ಓರೆಯಾಗಿಯೇ ಉಳಿಯಿತು. 1993ರ ಚುನಾವಣೆಯಲ್ಲಿ ಆಗಿನ ಆಡಳಿತ ಪಕ್ಷದವರು ಆ ಮುಖವನ್ನೇ ದೊಡ್ಡದಾಗಿ ತೋರಿಸಿ ಟಿವಿಯಲ್ಲಿ ಜಾಹೀರಾತು ಹಾಕಿದರು. ಜನ ಸಿಟ್ಟಿಗೆದ್ದರು, ಜಾಹೀರಾತನ್ನು ವಾಪಸು ಪಡೆಯಬೇಕಾಯಿತು. ಆ ಪಕ್ಷಕ್ಕೆ ಬಂದದ್ದು ಎರಡೇ ಸ್ಥಾನ. ಸೋಲಿಗೆ ಬೇರೆ ಕಾರಣಗಳೂ ಇದ್ದವು ಎನ್ನಿ. ಕ್ರೆಟಿಯೆನ್ ಹತ್ತು ವರ್ಷ ಪ್ರಧಾನಿಯಾಗಿದ್ದರು. ನನಗೆ ನಮ್ಮ ಸಂಘದ ನಿರ್ದೇಶಕನಾಗುವ ಆಸೆಯೂ ಇಲ್ಲ, ಆದರೆ ಕಂಬದ ಮರೆ ಬಿಟ್ಟೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಕೊಯ್ಲಿನ ಕಾಲದಲ್ಲಿ ನಮ್ಮ ತೋಟಕ್ಕೆ ಬರುವ ಆಳುಗಳು ಆಸ್ಪತ್ರೆಗೆ ಹೋಗುವುದು ನಾವು ಹೋಗು ಎಂದರೆ ಮಾತ್ರ. ಅಂಥ ದಿನ ಬಂದರೆ ಆ ದಿನದ ಸಂಬಳ ಹಿಡಿಯದೆ ಕಳುಹಿಸುವುದೆಂದು ಸದಸ್ಯರೆಲ್ಲ ಒಪ್ಪಬೇಕು. ಅಡಿಕೆ ತುಂಬಲು ಸಂಘದ ವಾಹನ ಮಂಗಳವಾರ, ಶುಕ್ರವಾರ ನಮ್ಮ ಕಡೆ ಬರುತ್ತದೆ. ಮೂಟೆಯ ಜೊತೆ ಒಬ್ಬ ರೋಗಿಯನ್ನೂ ಪೇಟೆಯವರೆಗೆ ಕೂರಿಸಿಕೊಂಡು ಹೋಗಲು ಚಾಲಕರಿಗೆ ಅನುಮತಿ ಬೇಕು. ಎರಡು ವಾರಗಳ ನಡುವೆ ಬೇಕಾದರೆ ನನ್ನ ಜೀಪು ಇದೆ, ಮನೆಯ ಫೋನ್ ನಂಬರು ಕಾರ್ಯದರ್ಶಿಗಳ ಬಳಿ ಕೊಟ್ಟಿದ್ದೇನೆ. ಈ ಎರಡು ವಿಷಯವನ್ನು ಬರುವ ಮಹಾಸಭೆಯಲ್ಲಿ ಎತ್ತಲು ಲಿಖಿತವಾಗಿ ಅರ್ಜಿ ಸಲ್ಲಿಸಿದ್ದೇನೆ. ಹಳೆಯ ಕೊನೆಗಾರನೂ ಅವತ್ತು ನನ್ನ ಜೊತೆ ಬರುತ್ತೇನೆಂದು ಹೇಳಿದ್ದಾನೆ. ಸದಸ್ಯನಲ್ಲದವನಿಗೆ ಸಭೆಯಲ್ಲಿ ಕುರ್ಚಿ ಕೊಡುವ ಪದ್ಧತಿ ಇಲ್ಲವೆಂದು ಯಾರಾದರೂ ಹೇಳಿದರೆ ನನ್ನದನ್ನೇ ಅವನಿಗೆ ಬಿಟ್ಟುಕೊಟ್ಟು ನಾನು ನಿಂತುಕೊಂಡು ಮಾತನಾಡುತ್ತೇನೆ.

— ಸಂಘದ ಒಬ್ಬ ಸದಸ್ಯ